ಎಂಟು ಹೋರಿ, ಐದು ಹಸು

ಚೋಲೋಕ್-ತಾಲ್ ಹಳ್ಳಿಯ ಚರಿತ್ರೆಯನ್ನು ಬರೆಯಲು ಯಾರಾದರೂ ಕೂತರೆ, ಕಾಸಿಮಾಲಿಯ ಮನೆಯಲ್ಲಿ ಅಕ್ಟೋಬರ್ ತಿಂಗಳ ಒಂದು ಶನಿವಾರ ಹಾಲು ತುಂಬಿದ ಕುರಿ ಪುಪ್ಪುಸ ಬೇಯಲಿಲ್ಲ ಎಂಬ ಸಂಗತಿಗೆ ಅವರು ಇಡೀ ಒಂದು ಅಧ್ಯಾಯವನ್ನು ಮೀಸಲಿಡಬೇಕಾಗುತ್ತದೆ. ರಾಜಧಾನಿ ಬಿಷ್ಕೆಕ್‌ನಲ್ಲಿ ಸರ್ಕಾರಗಳು ಉರುಳಿದ ವಾರಗಳಲ್ಲೂ ಆ ಮನೆಯಲ್ಲಿ ಶನಿವಾರದ ಪುಪ್ಪುಸ ಬೆಂದಿತ್ತು. ಕಾಸಿಮಾಲಿಯ ತಾಯಿ ತೀರಿಕೊಂಡ ವಾರವೂ ಬೆಂದಿತ್ತು. ಉಪ್ಪು ಸ್ವಲ್ಪ ಕಡಿಮೆಯಾಗಿತ್ತು, ಅಷ್ಟೆ.

ಜಿಲ್ಲಾ ಕಸಾಯಿಖಾನೆಯಲ್ಲಿ ಶುಕ್ರವಾರ ಕುರಿಗಳ ದಿನ. ಶನಿವಾರ ಬೆಳಿಗ್ಗೆ ಕಾಸಿಮಾಲಿಯ ಹೆಂಡತಿ ಬುರುಲ್ ಬಕೆಟ್ ಹಿಡಿದು ಅದರ ಹಿಂಬಾಗಿಲಿಗೆ ಹೋಗುವಳು. ಒಂದು ಪುಪ್ಪುಸ, ಒಂದಿಷ್ಟು ಬೋಟಿ ಮತ್ತು ಆ ವಾರ ಜಿಲ್ಲೆಯಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ ಎಂಬ ಸುದ್ದಿ, ಮೂರನ್ನೂ ಒಂದೇ ಬಕೆಟ್ಟಿನಲ್ಲಿ ತರುವಳು. ಸೊಸೆ ನಾಸಿಕಾತ್ ಪುಪ್ಪುಸದ ಗಂಟಲ ಕೊಳವೆಯನ್ನು ಎತ್ತಿ ಹಿಡಿದರೆ ಅತ್ತೆ ಅದಕ್ಕೆ ಹಾಲು ಹೊಯ್ಯುವಳು. ಪುಪ್ಪುಸ ಊದಿ ದಿಂಬಿನಷ್ಟಾದ ಮೇಲೆ ಬಾಯಿಗೆ ದಾರ ಬಿಗಿದು ಕುದಿಯುವ ನೀರಿಗೆ ಬಿಡುವುದು. ಅತ್ತೆ ಸೊಸೆ ಜಗಳವಿಲ್ಲದೆ ಜೊತೆಯಾಗಿ ಮಾಡುತ್ತಿದ್ದ ಕೆಲಸ ಅದೊಂದೇ.

ಆ ಶನಿವಾರ ಬುರುಲ್ ಖಾಲಿ ಬಕೆಟ್ಟಿನೊಂದಿಗೆ ವಾಪಸು ಬಂದಳು.

"ಮುಚ್ಚಿದೆ," ಎಂದಳು.

"ಊಟಕ್ಕೆ ಹೋಗಿರ್ತಾರೆ," ಎಂದ ಕಾಸಿಮಾಲಿ, ಚಹಾದಿಂದ ತಲೆ ಎತ್ತದೆ.

"ಬೆಳಿಗ್ಗೆ ಎಂಟಕ್ಕೆ ಯಾವ ಊಟ ರೀ? ಗೇಟಿಗೆ ಚೀಟಿ ಅಂಟಿಸಿದ್ದಾರೆ. ಚರಂಡಿ ಸರಿಯಿಲ್ಲವಂತೆ, ದುರಸ್ತಿಗಾಗಿ ತಾತ್ಕಾಲಿಕವಾಗಿ ಮುಚ್ಚಿದೆಯಂತೆ."

"ಸರಿ ಮತ್ತೆ. ತಾತ್ಕಾಲಿಕ ತಾನೆ."

ಮಗ ಜೋಲ್ದೋಶ್ ನಕ್ಕ. "ಅಪ್ಪ, ನಮ್ಮೂರ ಸ್ನಾನದ ಮನೆ ತಾತ್ಕಾಲಿಕವಾಗಿ ಮುಚ್ಚಿದಾಗ ನಾನಿನ್ನೂ ಹುಟ್ಟಿರಲಿಲ್ಲ."

"ಅದಕ್ಕೇ ನೀನು ಇವತ್ತಿಗೂ ಸ್ನಾನ ಮಾಡಲ್ಲ."

ಎಲ್ಲರೂ ನಕ್ಕರು, ನಾಸಿಕಾತ್ ಒಬ್ಬಳನ್ನು ಬಿಟ್ಟು. ಅವಳು ಬಟ್ಟಲಿಗೆ ಚಹಾ ಬಗ್ಗಿಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು:

"ಹೋರಿಗಳನ್ನ ಏನು ಮಾಡೋದು, ಮಾವ?"

ಅಂಗಳದಾಚೆಯ ಕೊಟ್ಟಿಗೆಯಲ್ಲಿ ಎಂಟು ಹೋರಿಗಳಿದ್ದವು. ಬೇಸಿಗೆಯಿಡೀ ಮೇಲಿನ ಹುಲ್ಲುಗಾವಲಿನಲ್ಲಿ ಮೇಯ್ದು, ಸೆಪ್ಟೆಂಬರಿನಿಂದ ಬಾರ್ಲಿ ತಿಂದು, ಬಾಗಿಲಲ್ಲಿ ಅಡ್ಡಡ್ಡ ಹಾಯಬೇಕಾದಷ್ಟು ಕೊಬ್ಬಿದ್ದವು. ನವೆಂಬರ್ ಮೊದಲ ವಾರ ಅವು ಕಸಾಯಿಖಾನೆಗೆ ಹೋಗಬೇಕು. ತೊಡೆಗಳ ಮೇಲೆ ಪಶುವೈದ್ಯರ ನೇರಳೆ ಮುದ್ರೆ ಬೀಳಬೇಕು. ಮುದ್ರೆ ಬಿದ್ದ ಮಾಂಸ ನಾರಿನ್ ಪೇಟೆಯ ಕಟ್ಟೆಗೆ ಏರಬೇಕು. ಮುದ್ರೆಯಿಲ್ಲದ ಮಾಂಸಕ್ಕೆ ಪೇಟೆಯಲ್ಲಿ ಜಾಗವಿಲ್ಲ. ಅದನ್ನು ನೀವು ತಿನ್ನಬಹುದು, ಮದುವೆಗೆ ಬೇಯಿಸಬಹುದು, ಮಾರುವಂತಿಲ್ಲ. ಇನ್ನೊಂದು ಕಸಾಯಿಖಾನೆ ಇರುವುದು ದೋಲೋನ್ ಕಣಿವೆಯಾಚೆ, ಬಯಲುಸೀಮೆಯಲ್ಲಿ. ಲಾರಿಯಲ್ಲಿ ಒಂದು ಹಗಲಿನ ದಾರಿ.

ನಾಸಿಕಾತಳ ಪ್ರಶ್ನೆ ಹೋರಿಗಳ ಬಗ್ಗೆ ಇರಲಿಲ್ಲ. ಅದು ಹುಲ್ಲಿನ ಬಗ್ಗೆ. ಹಿತ್ತಲಲ್ಲಿದ್ದ ಒಣಹುಲ್ಲಿನ ಬಣವೆಗಳು ಒಂದು ಕುದುರೆಗೆ, ಒಂದಷ್ಟು ಕುರಿಗಳಿಗೆ, ಐದು ಹಸುಗಳಿಗೆ ಎಂದು ಲೆಕ್ಕ ಹಾಕಿ ಒಟ್ಟಿದ್ದು. ಹೋರಿಗಳು ಅದರಲ್ಲಿ ಬಾಯಿ ಹಾಕಿದರೆ ಫೆಬ್ರವರಿಗೆ ಬಣವೆ ಮುಗಿಯುತ್ತದೆ. ನಮ್ಮಲ್ಲಿ ಹೊಸ ಹುಲ್ಲು ಚಿಗುರುವುದು ಏಪ್ರಿಲ್ ಕೊನೆಗೆ. ನಡುವಿನ ತಿಂಗಳುಗಳಲ್ಲಿ ಹಸುಗಳು ಗೋಡೆ ನೆಕ್ಕಬೇಕು. ಆ ಐದು ಹಸುಗಳು ನಾಸಿಕಾತಳವು. ಮದುವೆಯಲ್ಲಿ ಅವಳ ತಂದೆ ಕೊಟ್ಟ ಒಂದು ಕಡಸಿನಿಂದ ಬೆಳೆದವು. ಅವುಗಳ ಕೆನೆ, ಬೆಣ್ಣೆಯನ್ನು ಅವಳೇ ಮಾರುತ್ತಿದ್ದಳು, ಆ ದುಡ್ಡಿಗೆ ಯಾರೂ ಕೈ ಚಾಚುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ತನ್ನದು ಎಂದು ಹೇಳಬಹುದಾದದ್ದು ಅಷ್ಟೇ.

"ಎರಡು ವಾರದಲ್ಲಿ ತೆರೀತಾರೆ," ಎಂದ ಕಾಸಿಮಾಲಿ. "ಅಷ್ಟರಲ್ಲಿ ಹೋರಿ ಇನ್ನೂ ನಾಲ್ಕು ಕಿಲೋ ಏರುತ್ತೆ. ಲಾಭವೇ."

ಎರಡು ವಾರ ಕಳೆದ ಮೇಲೆ ಗೇಟು ತೆರೆಯಿತು. ಒಳಗೆ ಸಿಮೆಂಟು ಮೂಟೆ ಇಳಿಸುತ್ತಿದ್ದರು. ಕಟ್ಟಡವನ್ನು ಗೋದಾಮು ಮಾಡಲು ಅಸಾನ್‌ಕುಲ್ ಕೊಂಡಿದ್ದ.

ಅಸಾನ್‌ಕುಲ್ ಕಾಸಿಮಾಲಿಯ ಬೀಗ. ಕಾಸಿಮಾಲಿಯ ಮಗಳು ಚೋಲ್ಪೋನ್‌ಳನ್ನು ಅವನ ಮಗನಿಗೆ ಕೊಟ್ಟಿತ್ತು. ಬಯಲುಸೀಮೆಗೆ ದನ ಸಾಗಿಸುವ ಲಾರಿಗಳು ಜಿಲ್ಲೆಯಲ್ಲಿ ಇದ್ದದ್ದು ಅವನ ಬಳಿ ಮಾತ್ರ. ಹತ್ತಿರದ ಕಸಾಯಿಖಾನೆ ಮುಚ್ಚಿದರೆ ದೂರದ ಕಸಾಯಿಖಾನೆಗೆ ಲಾರಿ ಬೇಕು ಎಂದು ಅರ್ಥ ಮಾಡಿಕೊಳ್ಳಲು ನಮ್ಮೂರಿನವರಿಗೆ ಒಂದು ಸಂಜೆ ಹಿಡಿಯಿತು. ಅದನ್ನು ಜೋರಾಗಿ ಹೇಳಲು ಇನ್ನೂ ಕೆಲವು ದಿನ ಹಿಡಿಯಿತು, ಯಾಕೆಂದರೆ ಎಲ್ಲರ ಕೊಟ್ಟಿಗೆಯಲ್ಲೂ ಹೋರಿಗಳಿದ್ದವು, ಎಲ್ಲರಿಗೂ ಲಾರಿ ಬೇಕಾಗಿತ್ತು.

"ಕಳ್ಳ," ಎಂದ ಕಾಸಿಮಾಲಿ ರಾತ್ರಿಯೂಟಕ್ಕೆ ಕೂತು. "ಕಳ್ಳನ ಮಗ. ಅವನಪ್ಪ ಸಾಮೂಹಿಕ ಫಾರ್ಮಿನ ಕುರಿಗಳ ಕಿವಿಯ ಗುರುತು ಕತ್ತರಿಸಿ ತನ್ನವು ಅಂತಿದ್ದ."

"ಮಗಳನ್ನ ಕೊಡುವಾಗ ಈ ಕಿವಿ ಕತೆ ಹೇಳಲಿಲ್ಲ ನೀವು," ಎಂದಳು ಬುರುಲ್.

"ಆಗ ಅವನ ಹತ್ತಿರ ಒಂದೇ ಲಾರಿ ಇತ್ತು."

"ಬೆಲೆ ಕೇಳಿ ನೋಡೋಣ ಅಪ್ಪ," ಎಂದ ಜೋಲ್ದೋಶ್.

"ಅವನಿಗೆ ಮಾರೋ ಬದಲು ಹೋರಿಗಳನ್ನ ನದಿಗೆ ತಳ್ತೀನಿ."

"ನದಿಗೆ ತಳ್ಳೋ ತನಕ ಅವು ಏನು ತಿನ್ನಬೇಕು?" ಎಂದಳು ನಾಸಿಕಾತ್, ರೊಟ್ಟಿ ಮುರಿಯುತ್ತ.

ಕಾಸಿಮಾಲಿ ಸೊಸೆಯ ಕಡೆ ನೋಡಲಿಲ್ಲ. "ನಮ್ಮ ಮನೇಲಿ ಸೊಸೆಯಂದಿರು ಊಟದ ಹೊತ್ತಲ್ಲಿ ಲೆಕ್ಕ ಕೇಳೋ ಪದ್ಧತಿ ಯಾವಾಗಿಂದ ಶುರುವಾಯ್ತು?"

"ಹೋರಿಗಳು ನನ್ನ ಹುಲ್ಲು ತಿನ್ನೋಕೆ ಶುರು ಮಾಡಿದಾಗಿಂದ, ಮಾವ."

ಜೋಲ್ದೋಶ್ ಗಂಡಸಿನ ಕೆಲಸವೊಂದನ್ನು ಮಾಡಿ ತೋರಿಸಲು ನಿರ್ಧರಿಸಿದ. ಒಂದು ಹೋರಿಯನ್ನು ಅಂಗಳದಲ್ಲೇ ಕಡಿದು, ಮಾಂಸವನ್ನು ಹೊದಿಕೆಗಳಲ್ಲಿ ಸುತ್ತಿ, ಹಳೆಯ ಜಿಗುಲಿ ಕಾರಿನ ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ತುಂಬಿ, ಮೇಲೆ ಮಗುವಿನ ತೊಟ್ಟಿಲನ್ನು ಇಟ್ಟುಕೊಂಡು ನಾರಿನ್ ಪೇಟೆಗೆ ಹೊರಟ. ತಪಾಸಣೆಯ ಕಟ್ಟೆಯಲ್ಲಿ ಪಶುವೈದ್ಯ ಇಲಾಖೆಯವನು ತೊಟ್ಟಿಲನ್ನು ನೋಡಿ, "ಮಗು ಎಲ್ಲಿ?" ಎಂದ. "ಅಜ್ಜಿ ಮನೇಲಿ," ಎಂದ ಜೋಲ್ದೋಶ್. "ಹಾಗಾದರೆ ಸೀಟಿನಿಂದ ರಕ್ತ ಸೋರ್ತಿರೋದು ಯಾರದು, ಅಜ್ಜೀದಾ?" ಎಂದನಂತೆ.

ಮಾಂಸವನ್ನು ಅವನು ಕಸಿದುಕೊಳ್ಳಲಿಲ್ಲ. ಒಂದು ತೊಡೆ ಇಳಿಸಿಕೊಂಡು ಕಾರನ್ನು ಹಿಂದಕ್ಕೆ ತಿರುಗಿಸಿದ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಬೆಳಿಗ್ಗೆ ಮಾಂಸ, ಮಧ್ಯಾಹ್ನ ಮಾಂಸ, ಸಂಜೆ ಮಾಂಸದ ಸಾರು. ನೆರೆಯವರಿಗೆ ಕೊಡೋಣವೆಂದರೆ ಅವರೂ ತಮ್ಮ ಹೋರಿಯನ್ನು ಕಡಿದು ಕೂತಿದ್ದರು. ಬಾಗಿಲು ತಟ್ಟುವ ಸದ್ದಾದರೆ ಯಾರೋ ಮಾಂಸ ಕೊಡಲು ಬಂದರೆಂದು ಜನ ಹೆದರುತ್ತಿದ್ದರು. ಬುರುಲ್ ಮಾತ್ರ ಬಕೆಟ್ಟನ್ನು ಕವುಚಿ ಅದರ ಮೇಲೆ ಕೂತು, "ಮನೆ ತುಂಬ ಮಾಂಸ, ಒಂದು ಆಲೂಗಡ್ಡೆ ಕೊಳ್ಳೋಕೆ ದುಡ್ಡಿಲ್ಲ. ಇಂಥ ಶ್ರೀಮಂತಿಕೆ ನಾನು ಕಂಡಿಲ್ಲ," ಎನ್ನುತ್ತಿದ್ದಳು.

ನವೆಂಬರ್ ನಡುವಿನಲ್ಲಿ ಮೊದಲ ಹಿಮ ಬಿತ್ತು. ಮೊದಲ ಬಣವೆ ಅರ್ಧಕ್ಕೆ ಇಳಿದಿತ್ತು. ಗಂಡನಿಗೆ ಹೇಳದೆ ಬುರುಲ್ ಬೀಗರ ಮನೆಗೆ ಫೋನು ಮಾಡಿ, ಹೋರಿ ನೋಡಲು ಬನ್ನಿ ಎಂದಳು. ಬೀಗ ಬರುತ್ತಾನೆಂದರೆ ಕುರಿ ಕಡಿಯಲೇಬೇಕು. ಹೋರಿ ಮಾರಲು ಕುರಿ ಸಾಯಬೇಕು. ಕಾಸಿಮಾಲಿ ವಿಷಯ ತಿಳಿದು ಕೂಗಾಡಿದ, ಆಮೇಲೆ ತಾನೇ ಹೋಗಿ ಒಳ್ಳೆಯ ಕುರಿಯನ್ನು ಆರಿಸಿದ. ದ್ವೇಷ ಬೇರೆ, ಕುರಿ ಬೇರೆ.

ಅಸಾನ್‌ಕುಲ್ ತನ್ನ ಡ್ರೈವರನ ಜೊತೆ ಬಂದ. ದಪ್ಪ ಮನುಷ್ಯ, ಮೆತ್ತಗಿನ ದನಿ. ಕೊಟ್ಟಿಗೆಯಲ್ಲಿ ಹೋರಿಗಳ ಬೆನ್ನು ಸವರಿ, "ಬೀಗರ ಕೈಯಲ್ಲಿ ಬರಕತ್ತಿದೆ," ಎಂದ.

"ಬೆಲೆ?" ಎಂದ ಕಾಸಿಮಾಲಿ.

"ಅಯ್ಯೋ, ಬೀಗರ ನಡುವೆ ಬೆಲೆಯ ಮಾತೇ? ನಾಚಿಕೆಗೇಡು." ಅವನು ಕೈ ಒರೆಸಿಕೊಂಡು ಒಳಗೆ ನಡೆದ. ಡ್ರೈವರ್ ಹಿಂದುಳಿದು, ನೆಲ ನೋಡುತ್ತ, ಬೆಲೆ ಹೇಳಿದ. ಹೋದ ವರ್ಷದ್ದರ ಅರ್ಧ. ಲಾರಿ ಬಾಡಿಗೆ ಅದರಲ್ಲೇ ಮುರಿದುಕೊಳ್ಳುವುದು.

ನಮ್ಮಲ್ಲಿ ಬೆಂದ ಕುರಿಯ ಎಲುಬುಗಳಿಗೆ ಅಂತಸ್ತುಗಳಿವೆ. ಸೊಂಟದೆಲುಬು ಹಿರಿಯ ಅತಿಥಿಗೆ, ಬಾಲದ ಬುಡ ಹಿರಿಯ ಹೆಂಗಸಿಗೆ, ಎದೆ ಅಳಿಯನಿಗೆ, ಹೀಗೆ ಕೊನೆಯವರೆಗೆ. ಕೊನೆಯಲ್ಲಿ ಉಳಿಯುವ ಮುಂಗಾಲಿನ ತುಂಡಿಗೆ ದಾಸಿಯೆಲುಬು ಎಂದೇ ಹೆಸರು. ಅದನ್ನು ಅಡುಗೆಮನೆಯಲ್ಲಿ ಯಾರಾದರೂ ನಿಂತುಕೊಂಡೇ ತಿಂದು ಮುಗಿಸುತ್ತಾರೆ. ಈ ಹಂಚಿಕೆಯಲ್ಲಿ ಕಾಸಿಮಾಲಿಯನ್ನು ಮೀರಿಸುವವರು ಆಸುಪಾಸಿನ ಊರುಗಳಲ್ಲಿ ಇರಲಿಲ್ಲ. ಸಾವಿನ ಮನೆಯಲ್ಲೂ ಮದುವೆ ಮನೆಯಲ್ಲೂ ದೊಡ್ಡ ಹರಿವಾಣದ ಮುಂದೆ ಅವನನ್ನು ಕೂರಿಸುತ್ತಿದ್ದರು. ಇಪ್ಪತ್ತು ಮನೆತನಗಳ ಹಿರಿತನವನ್ನು ಅವನು ಎಲುಬಿನಲ್ಲಿ ಅಳೆದು ಕೊಡುತ್ತಿದ್ದ, ಒಮ್ಮೆಯೂ ತಕರಾರು ಬಂದಿರಲಿಲ್ಲ.

ಜೋಲ್ದೋಶ್ ಎಲ್ಲರ ಕೈಗೆ ನೀರು ಹಾಕಿದ. ಹರಿವಾಣ ಬಂತು. ಅಸಾನ್‌ಕುಲ್ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂತಿದ್ದ. ಕಾಸಿಮಾಲಿ ಅಂಗಿಯ ತೋಳು ಮಡಚಿ, ಸೊಂಟದೆಲುಬನ್ನು ಎತ್ತಿ ಡ್ರೈವರನ ಮುಂದೆ ಇಟ್ಟ. ಹರಿವಾಣದ ತಳದಲ್ಲಿ ಕೈಯಾಡಿಸಿ, ದಾಸಿಯೆಲುಬನ್ನು ಹುಡುಕಿ ತೆಗೆದು, ಬೀಗನ ತಟ್ಟೆಯಲ್ಲಿ ಇಟ್ಟ.

ಡ್ರೈವರ್ ತನ್ನ ತಟ್ಟೆಯನ್ನು ಹಾವು ಕಂಡವನಂತೆ ದೂರ ಸರಿಸಿದ. ಬಾಗಿಲ ಬಳಿ ಸಾರಿನ ಬಟ್ಟಲು ಹಿಡಿದಿದ್ದ ನಾಸಿಕಾತ್ ಅಲ್ಲೇ ನಿಂತಳು.

"ಬೀಗರೇ," ಎಂದ ಅಸಾನ್‌ಕುಲ್, "ದೀಪ ಸಾಲದೇನೋ."

"ದೀಪ ಚೆನ್ನಾಗಿದೆ. ಯಾರಿಗೆ ಏನು ಸಲ್ಲಬೇಕೋ ಅದು ಸಂದಿದೆ."

"ಅಪ್ಪ," ಎಂದ ಜೋಲ್ದೋಶ್.

"ಸುಮ್ಮನೆ ತಿನ್ನು."

ಅಸಾನ್‌ಕುಲ್ ಏಳಲಿಲ್ಲ, ಕೂಗಲಿಲ್ಲ. ಚಾಕು ತೆಗೆದು ಆ ಎಲುಬನ್ನು ನಿಧಾನವಾಗಿ, ನರ ಬಿಡದಂತೆ ಕೆರೆದು ತಿಂದ. ತಿಂದು ಮುಗಿಯುವವರೆಗೂ ಹೋದ ವರ್ಷದ ಹಿಮದ ಬಗ್ಗೆ ಮಾತಾಡಿದ. ಆಮೇಲೆ ಗಡ್ಡ ಒರೆಸಿಕೊಂಡು ನಾಸಿಕಾತಳ ಕಡೆ ತಿರುಗಿದ.

"ರುಚಿಯಾಗಿತ್ತಮ್ಮ. ಈ ಎಲುಬನ್ನ ಒಂದು ಬಟ್ಟೇಲಿ ಕಟ್ಟಿಕೊಡು. ಅತಿಥಿ ತನ್ನ ಪಾಲನ್ನ ಮನೆಗೂ ಒಯ್ಯಬೇಕಲ್ಲ. ಚೋಲ್ಪೋನ್ ತವರಿನದು ಅಂದರೆ ಆಸೆ ಪಡ್ತಾಳೆ."

ಕಟ್ಟಿಕೊಡುವುದಿಲ್ಲ ಎನ್ನುವಂತಿಲ್ಲ. ಅತಿಥಿ ಕೇಳಿದ್ದಾನೆ. ನಾಸಿಕಾತ್ ಕಟ್ಟಿಕೊಟ್ಟಳು.

ಎರಡು ವಾರ ಕಳೆದರೂ ಲಾರಿ ಬರಲಿಲ್ಲ. ಬಂದದ್ದು ಚೋಲ್ಪೋನ್‌ಳ ಫೋನು. ಬುರುಲ್ ಅದನ್ನು ಎಲ್ಲರಿಗೂ ಕೇಳುವಂತೆ, ನೆಲಕ್ಕೆ ಹಾಸಿದ ಊಟದ ಬಟ್ಟೆಯ ನಡುವೆ ಇಟ್ಟಳು.

"ಅಮ್ಮ, ಆ ಎಲುಬನ್ನ ಅಡುಗೆಮನೇಲಿ ಒಲೆ ಮೇಲಿನ ಮೊಳೆಗೆ ನೇತು ಹಾಕಿದ್ದಾರೆ. 'ನಿಮ್ಮಪ್ಪ ನಮ್ಮನ್ನ ಎಲ್ಲಿ ಇಟ್ಟಿದ್ದಾರೆ ಅಂತ ದಿನಾ ನೋಡಿಕೊಂಡು ಅಡುಗೆ ಮಾಡು' ಅಂದರು ಮಾವ. ಬಂದ ನೆಂಟರಿಗೆಲ್ಲ ಒಳಗೆ ಕರೆದು ತೋರಿಸ್ತಾರೆ. ನಾನು ಸಾರು ಬಡಿಸಿದರೆ ಅತ್ತೆ ಮುಟ್ಟಲ್ಲ."

"ನಿನ್ನ ಗಂಡ ಏನಂತಾನೆ?"

"ಅವರು ಲಾರಿ ಜೊತೆ ಹೋಗಿದ್ದಾರೆ. ಇದ್ದರೂ ಏನಂತಾರೆ. ಅಪ್ಪನಿಗೆ ಸಿಟ್ಟು ಬರೋದಾದರೆ ಅಲ್ಲೇ ನಾಲ್ಕು ಬಿಟ್ಟಿದ್ದರೆ ಆಗ್ತಿತ್ತು. ಹೊಡೆದಾಟ ಒಂದು ವಾರಕ್ಕೆ ಮರೆತುಹೋಗ್ತಿತ್ತು."

ಫೋನು ಕಟ್ಟಾಯಿತು.

"ಎಲುಬು ತಾನೆ," ಎಂದ ಕಾಸಿಮಾಲಿ. "ನೇತಾಡಲಿ. ಒಣಗುತ್ತೆ."

ಬುರುಲ್ ತನ್ನ ಬಟ್ಟಲನ್ನು ಕೆಳಗಿಟ್ಟಳು. ಮದುವೆಯಾದಂದಿನಿಂದ ಗಂಡನ ಎದುರು ಏರಿಸದ ದನಿಯನ್ನು ಏರಿಸಿದಳು. "ನೀವು ಎಸೆದ ಎಲುಬು ನಿಮ್ಮ ಮಗಳ ತಲೆ ಮೇಲೆ ನೇತಾಡ್ತಿದೆ. ನಿಮಗೆ ಒಂದು ಸಂಜೆ ಗಂಡಸು ಅನ್ನಿಸಿಕೊಳ್ಳಬೇಕಿತ್ತು. ಅದಕ್ಕೆ ಬಾಡಿಗೆ ಕೊಡ್ತಿರೋಳು ಅವಳು."

"ಅವನು ಇಡೀ ಜಿಲ್ಲೆಯ ಕತ್ತು ಹಿಚುಕ್ತಿದ್ದಾನೆ, ನಾನು ಅವನಿಗೆ ಸೊಂಟದೆಲುಬು ಕೊಡಬೇಕಿತ್ತಾ?"

"ಏನೂ ಕೊಡಬಾರದಿತ್ತು. ಕರೀಬಾರದಿತ್ತು."

"ಕರೆದವಳು ನೀನು."

"ಹೌದು, ನಾನೇ. ನೀವು ಹೋರಿಗಳ ಜೊತೆ ಕೂತು ತಾತ್ಕಾಲಿಕ ಅಂತಿದ್ದಿರಿ."

ಮರುದಿನ ಬೆಳಿಗ್ಗೆ ಹೋರಿಗಳಿಗೆ ಹುಲ್ಲು ಹಾಕಲು ಹೋದ ಕಾಸಿಮಾಲಿಗೆ ಬಣವೆಯ ಬೇಲಿಬಾಗಿಲಲ್ಲಿ ಬೀಗ ಕಂಡಿತು. ಬಾಗಿಲ ಮುಂದೆ ನಾಸಿಕಾತ್ ಕವೆಗೋಲು ಹಿಡಿದು ನಿಂತಿದ್ದಳು. ಬಾರ್ಲಿ ಮುಗಿದು ವಾರವಾಗಿತ್ತು.

"ಬೀಗದ ಕೈ ಕೊಡು."

"ಕೊಡಲ್ಲ, ಮಾವ. ಎರಡನೇ ಬಣವೆಗೂ ಬಾಯಿ ಬಿದ್ದಿದೆ. ಇನ್ನು ಉಳಿದಿರೋದು ನನ್ನ ಹಸುಗಳದ್ದು."

"ಹುಲ್ಲು ಮನೇದು."

"ಜುಲೈನಲ್ಲಿ ಕೊಯ್ದವಳು ನಾನು. ನಿಮ್ಮ ಮಗ ಟ್ರ್ಯಾಕ್ಟರ್ ರಿಪೇರಿ ಅಂತ ಪೇಟೇಲಿದ್ದರು. ನೀವು ಮೂರು ಸಾವಿನ ಮನೇಲಿ ಎಲುಬು ಹಂಚ್ತಿದ್ದಿರಿ."

ಕಾಸಿಮಾಲಿಯ ಮುಖ ಕಪ್ಪಿಟ್ಟಿತು. "ನಿನ್ನ ಹಸು ನಿಂತಿರೋದು ನನ್ನ ಕೊಟ್ಟಿಗೇಲಿ."

"ನಿಮ್ಮ ಹೋರಿ ಹುಟ್ಟಿದ್ದು ನನ್ನ ಹಸುವಿನ ಹೊಟ್ಟೇಲಿ."

ಅವನು ಮಗನನ್ನು ಕೂಗಿದ. ಜೋಲ್ದೋಶ್ ಬಂದು, ಅಪ್ಪನನ್ನು ನೋಡಿ, ಹೆಂಡತಿಯನ್ನು ನೋಡಿ, ಕವೆಗೋಲನ್ನೂ ನೋಡಿದ. "ನಿನ್ನ ಹೆಂಡತಿಗೆ ಹೇಳೋ," ಎಂದ ಕಾಸಿಮಾಲಿ.

"ಏನಂತ ಹೇಳಲಿ ಅಪ್ಪ? ಅವಳು ಹೇಳೋದು ಸುಳ್ಳಾಗಿದ್ದರೆ ಹೇಳಬಹುದಿತ್ತು."

"ನಾಮರ್ದ."

"ಇರಬಹುದು," ಎಂದು ಜೋಲ್ದೋಶ್ ಹಸುಗಳಿಗೆ ನೀರು ತರಲು ಹೋದ.

ಹೋರಿಗಳು ಮಧ್ಯಾಹ್ನದಿಂದ ಕೂಗತೊಡಗಿದವು. ಕೊಬ್ಬಿದ ಏಳು ಹೋರಿಗಳ ಹಸಿವಿನ ಕೂಗು ಸಣ್ಣದಲ್ಲ. ಶಾಲೆಯ ಮಾಸ್ತರು ಕಿಟಕಿ ಮುಚ್ಚಿಸಿ ಪಾಠ ಮಾಡಿದರು. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬೇಲಿಯಾಚೆ ನಿಂತರು. ಮಾವನಿಗೆ ಎದುರು ಹೇಳಿದ ಸೊಸೆಯನ್ನು ಬೈಯಲು ಬಂದವರು, ಬೀಗವನ್ನು ನೋಡಿ, "ಎಲ್ಲಿ ಕೊಂಡೆ?" ಎಂದು ಕೇಳಿಕೊಂಡು ಹೋದರು. ಬುರುಲ್ ಚಹಾ ತಂದು, ಬೇಲಿಬಾಗಿಲ ಬಳಿ ಸೊಸೆಯ ಕೈಗೆ ಕೊಟ್ಟು, ಪಕ್ಕದಲ್ಲಿ ಕವುಚಿದ ಬುಟ್ಟಿಯ ಮೇಲೆ ಕೂತಳು.

"ಅವು ಕೂಗ್ತಿರೋದು ನಿನಗೆ ಕೇಳಿಸ್ತಿಲ್ವೇನು?" ಎಂದು ಕಾಸಿಮಾಲಿ ಅಂಗಳದಿಂದ ಅರಚಿದ.

"ಕೇಳಿಸ್ತಿದೆ ಮಾವ. ಅವಕ್ಕೆ ಕರುವಾಗಿದ್ದಾಗ ಬೆರಳು ಚೀಪಿಸಿ ಹಾಲು ಕುಡಿಸಿದ್ದು ನಾನೇ. ನಿಮಗೆ ಕೇಳಿಸ್ತಿದ್ದರೆ ಬೀಗರಿಗೆ ಫೋನ್ ಮಾಡಿ."

ಎರಡನೆಯ ಸಂಜೆ ಕಾಸಿಮಾಲಿ ಪೆಟ್ಟಿಗೆ ತೆಗೆದ. ತನ್ನ ಎಪ್ಪತ್ತನೆಯ ವರ್ಷದ ಹಬ್ಬಕ್ಕೆಂದು ಹೊಲಿಸಿಟ್ಟಿದ್ದ, ಇನ್ನೂ ಮೈಗೆ ಹಾಕದ ವೆಲ್ವೆಟ್ ನಿಲುವಂಗಿಯನ್ನು ಹೊರಗೆಳೆದ. ನಮ್ಮಲ್ಲಿ ತಪ್ಪೊಪ್ಪಿಗೆ ಬಾಯಲ್ಲಿ ನಡೆಯುವುದಿಲ್ಲ; ಎದುರಿನವನ ಹೆಗಲಿಗೆ ನಿಲುವಂಗಿ ಹೊದಿಸಬೇಕು, ಹತ್ತು ಜನ ನೋಡಬೇಕು.

"ತೋಳು ಅವನಿಗೆ ಗಿಡ್ಡವಾಗುತ್ತೆ," ಎಂದಳು ಬುರುಲ್.

"ಅಷ್ಟಾದರೂ ಆಗಲಿ."

ಅವನು ಹೋದ, ಹೊದಿಸಿದ, ಬಂದ. ಅಲ್ಲಿ ಏನು ಮಾತಾಯಿತೆಂದು ಯಾರಿಗೂ ಹೇಳಲಿಲ್ಲ. ಚೋಲ್ಪೋನ್ ಫೋನಿನಲ್ಲಿ, ಮೊಳೆ ಖಾಲಿಯಾಗಿದೆ, ಅತ್ತೆ ಸಾರು ಕುಡಿದರು ಎಂದಳು. ಬೆಲೆ ಮೊದಲು ಹೇಳಿದ್ದಕ್ಕಿಂತಲೂ ಇಳಿದಿತ್ತು. ಕಾರಣ ಕೇಳಿದ್ದಕ್ಕೆ ಡ್ರೈವರ್, ಹೋರಿಗಳು ಸೊರಗಿವೆಯಲ್ಲ ಎಂದ.

ಲಾರಿ ಬಂದ ದಿನ ಗಾಳಿ ಕೆಟ್ಟದಾಗಿತ್ತು. ಹೋರಿಗಳು ಹಲಗೆ ಹತ್ತಲು ಒಪ್ಪಲಿಲ್ಲ. ಕಾಸಿಮಾಲಿ ಎಳೆದ, ಜೋಲ್ದೋಶ್ ತಳ್ಳಿದ, ಡ್ರೈವರ್ ಸಿಗರೇಟು ಸೇದಿದ. ಕೊನೆಗೆ ನಾಸಿಕಾತ್ ಬೀಗ ತೆಗೆದು ಒಂದು ತೆಕ್ಕೆ ಹುಲ್ಲು ತಂದು ಲಾರಿಯ ಒಳಗೆ ಹರಡಿದಳು. ಏಳೂ ತಾವಾಗಿ ಹತ್ತಿದವು.

"ಇದನ್ನ ಮೊದಲೇ ಹಾಕಬಹುದಿತ್ತು," ಎಂದ ಕಾಸಿಮಾಲಿ, ಲಾರಿಗೆ ಹೇಳುವಂತೆ.

"ಲಾರಿ ಮೊದಲೇ ಬರಬಹುದಿತ್ತು," ಎಂದಳು ಅವಳು.

ಅವರಿಬ್ಬರೂ ಆ ಚಳಿಗಾಲದಲ್ಲಿ ನೇರವಾಗಿ ಆಡಿದ ಕೊನೆಯ ಮಾತು ಅದು. ಆಮೇಲೆ ಕಾಸಿಮಾಲಿ ಹೆಂಡತಿಗೆ, "ಹುಲ್ಲಿನ ಯಜಮಾನಿಗೆ ಹೇಳು, ಚಹಾ ತಣ್ಣಗಾಗಿದೆ," ಎನ್ನುವನು. ನಾಸಿಕಾತ್ ಅತ್ತೆಗೆ, "ಬಿಸಿ ಇದ್ದಾಗ ಕುಡಿಯೋಕೆ ಹೇಳಿ," ಎನ್ನುವಳು. ಬುರುಲ್ ಎರಡನ್ನೂ ದಾಟಿಸುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ಮೂವರೂ ಒಂದೇ ಕೋಣೆಯಲ್ಲಿ ಇರುತ್ತಿದ್ದರು.

ದೋಲೋನ್ ಕಣಿವೆಯಲ್ಲಿ ಹಿಮ ಸುರಿದು ಲಾರಿ ಒಂದಿಡೀ ದಿನ ನಿಂತಿತು. ಒಂದು ಹೋರಿ ಉಳಿದವುಗಳ ಕಾಲಡಿಗೆ ಬಿದ್ದು ಸತ್ತಿತು. ಅಸಾನ್‌ಕುಲ್ ಆರಕ್ಕೆ ದುಡ್ಡು ಕಳಿಸಿದ, ಸತ್ತದ್ದರ ಬಾಡಿಗೆಯನ್ನೂ ಮುರಿದುಕೊಂಡು. ಜೋಲ್ದೋಶ್ ಆ ನೋಟುಗಳನ್ನು ಊಟದ ಬಟ್ಟೆಯ ಮೇಲೆ ಇಟ್ಟಾಗ ಯಾರೂ ಎಣಿಸಲಿಲ್ಲ. ಕಾಸಿಮಾಲಿ ಅವುಗಳನ್ನು ಕಾಲಿನಿಂದ ಸರಿಸಿದ. "ಕಳ್ಳನ ಮಗ," ಎಂದ.

ಹುಲ್ಲು ಏಪ್ರಿಲ್‌ವರೆಗೆ ಬಂತು. ಐದು ಹಸುಗಳೂ ಬದುಕಿದವು. ಆ ವಸಂತದಲ್ಲಿ ಹುಟ್ಟಿದ ಮೂರು ಗಂಡು ಕರುಗಳನ್ನು ಹಾಲು ಬಿಡುವ ಮೊದಲೇ ಮಾರಲಾಯಿತು. ಕೊಂಡವನು ಅಸಾನ್‌ಕುಲ್.